ಹನ್ನೊಂದನೆಯ ಕನ್ಯೆ

ನೇತ್ರಾವತಿ ಅವನನ್ನು ಕಂಡ ಕೂಡಲೇ ಗುರುತು ಹಿಡಿದಳು. ಕಾಶಿನಾಥನಿಗೆ ಮಾತ್ರ ಎದುರಿಗೆ ಕೂತವಳು ಯಾರೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮೂರು ವರ್ಷದಲ್ಲಿ ಹನ್ನೊಂದು ಕನ್ಯೆ ನೋಡಿ ಬಂದ ಮಹಾರಾಯ, ಯಾರ ಮುಖ ಅಂತ ನೆನಪಿಟ್ಟಾನು!

ಅದು ಎರಡು ಸಾವಿರದ ಒಂದನೇ ಇಸವಿಯ ಆಷಾಢ. ತಾವರಗೇರಾದ ಒಂದೇ ಕೋಣೆಯ ಗ್ರಂಥಾಲಯದಲ್ಲಿ ಅವಳು ಗ್ರಂಥಪಾಲಕಿ. ಯಾವುದೋ ಸಹಕಾರಿ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಹಳೆಯ ಸುದ್ದಿ ಹುಡುಕಲು ಅವನು ಬಂದಿದ್ದ. ಅವಳು ರಿಜಿಸ್ಟರ್ ತೆರೆದಳು.

"ಹೆಸರು?"

"ಕಾಶಿನಾಥ. ಕೊಪ್ಪಳದ ಭಾಗ್ಯನಗರ."

"ಉದ್ಯೋಗ?"

"ಬರಹಗಾರ. ಫ್ರೀಲಾನ್ಸ್."

"ಅಂದ್ರ?"

"ಅಂದ್ರ ಯಾರ ಕೈಕೆಳಗೂ ಇಲ್ರಿ. ಕೇಳಿದವರಿಗೆ ಬರದು ಕೊಡ್ತೀನಿ."

"ಹಂಗಾದ್ರ ನಿರುದ್ಯೋಗಿ ಅಂತ ಬರಕೊಳ್ಳಲೇನ್ರಿ?"

ಅವನು ತಲೆ ಎತ್ತಿದ. ಅವಳು ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು, ಕಣ್ಣು ಮಾತ್ರ ಅವನನ್ನು ನೋಡಿ ನಗುತ್ತಿದ್ದವು. ಆ ಕೈ ನೋಡಿದಾಗ ಅವನಿಗೆ ಎಲ್ಲವೂ ನೆನಪಾಗಿ ಕಿವಿ ಬಿಸಿಯಾದವು.

"ನಮ್ಮ ಮನ್ಯಾಗ ಯಾರಿಗೂ ಜಾತಕ ಬರೆಸಿಲ್ರಿ," ಎಂದಳು ಅವಳು ಮೆಲ್ಲಗೆ. "ನೀವು ಜಾತಕ ಕೂಡಲಿಲ್ಲ ಅಂತ ಹೇಳಿ ಕಳಿಸಿದ್ರಿ. ಅಂದಿನಿಂದ ವಿಚಾರ ಮಾಡಾಕ ಹತ್ತೀನಿ, ಯಾರ ಜಾತಕ ನೋಡಿದ್ರಿ?"

ಮಾತನ್ನೇ ಮಾರಿ ಬದುಕುವವನ ಬಾಯಿ ಕಟ್ಟಿತು. ಅವಳು ಹಳೆಯ ಪತ್ರಿಕೆಗಳ ಕಟ್ಟನ್ನು ಧೂಳು ಝಾಡಿಸಿ ಅವನ ಮುಂದಿಟ್ಟು, ಫ್ಯಾನು ಅವನ ಕಡೆ ತಿರುಗಿಸಿ ಹೋದಳು. ಪ್ರೀತಿ ಎಲ್ಲಿಂದ ಶುರುವಾಯಿತು ಎಂದು ಮುಂದೆ ಅವನು ಲೆಕ್ಕ ಹಾಕುವಾಗೆಲ್ಲ ಆ ಫ್ಯಾನಿಗೇ ಬಂದು ನಿಲ್ಲುತ್ತಿದ್ದ.

ಆದರೆ ಅದಕ್ಕೂ ನಾಲ್ಕು ತಿಂಗಳು ಹಿಂದೆ ಒಂದು ಕೆಲಸ ನಡೆದುಹೋಗಿತ್ತು. ಅದನ್ನು ಈಗಲೇ ಹೇಳಿಬಿಡಬೇಕು.

ಮದುವೆ ದಲ್ಲಾಳಿ ಆದೆಪ್ಪನ ಜೊತೆ ತಾಯಿ ಶಂಕ್ರಮ್ಮನನ್ನು ಕರೆದುಕೊಂಡು ಅವನು ಈ ಊರಿಗೆ ಕನ್ಯೆ ನೋಡಲು ಬಂದಿದ್ದ. ಹುಡುಗಿಯ ತಂದೆ ಹೇಮಪ್ಪ ಗೌಂಡಿ, ಗೋಡೆ ಕಟ್ಟುವವನು. ಅವನಿಗೆ ಓದು ಬಾರದು. ಬರುವ ವರ ಬರಹಗಾರ ಎಂದು ಕೇಳಿ ಪಾಪ ಎಲ್ಲಿಂದಲೋ ಒಂದು ಪೇಪರು ತಂದು, ಮುಖದ ಮುಂದೆ ಹಿಡಿದು ಗಂಭೀರವಾಗಿ ಕೂತಿದ್ದ. ಪೇಪರು ತಲೆಕೆಳಗಾಗಿತ್ತು. ಹುಡುಗಿ ಉಪ್ಪಿಟ್ಟು ತಂದಳು. ಮುಂದಿನ ಎರಡು ಹಲ್ಲು ಸ್ವಲ್ಪ ಮುಂದೆ; ನಗು ಬಂದಾಗ ಎಡಗೈ ಬಾಯಿಗೆ ಅಡ್ಡ ಹೋಗುತ್ತಿತ್ತು. ಶಂಕ್ರಮ್ಮ ಅವಳನ್ನು ಎರಡು ಸಲ ನಡೆಸಿ ನೋಡಿ, ಬಸ್ಸು ಹತ್ತುವ ಮೊದಲೇ ಒಲ್ಲೆ ಎಂದಳು. ಕಾಶಿನಾಥನೂ ಹೂಂ ಎಂದ.

ಊರಿಗೆ ಬಂದವನೇ ಒಂದು ನಗೆಬರಹ ಗೀಚಿದ. ಹೆಸರು, 'ನಾನು ನೋಡಿದ ಹನ್ನೊಂದನೆಯ ಕನ್ಯೆ'. ಕೂತಲ್ಲಿಂದ ಏಳುವ ಮೊದಲೇ ಮುಗಿಯಿತು, ಒಂದು ಪದವನ್ನೂ ಕಾಟು ಹೊಡೆಯಬೇಕಾಗಲಿಲ್ಲ. ಹುಡುಗಿಯ ಹೆಸರು ಬದಲಿಸಿದ, ಊರು ಬದಲಿಸಿದ. ಗೌಂಡಿಯನ್ನು ಗೌಂಡಿಯಾಗಿಯೇ ಬಿಟ್ಟ, ಹಲ್ಲನ್ನೂ ತಲೆಕೆಳಗಾದ ಪೇಪರನ್ನೂ ಹಾಗೇ ಇಟ್ಟ. ನಗು ಇದ್ದದ್ದೇ ಅಲ್ಲಿ. ಬೆಂಗಳೂರಿನ ದೊಡ್ಡ ವಾರಪತ್ರಿಕೆಯೊಂದಕ್ಕೆ ಫೋಟೋ ಸಮೇತ ಅಂಚೆಗೆ ಹಾಕಿದ.

ಆ ಪತ್ರಿಕೆ ಒಂಬತ್ತು ಸಲ ಅವನ ಬರಹ ವಾಪಸು ಕಳಿಸಿತ್ತು. ಅಲ್ಲಿ ಹೆಸರು ಅಚ್ಚಾಗುವುದೇ ಅವನ ಜೀವದ ಆಸೆ. ಅವನ ಕೆಲಸವೇ ಅಂಥದ್ದು. ಗಂಗಾವತಿಯ ರೈಸ್‌ಮಿಲ್ಲಿನ ಯಜಮಾನರಿಗೆ ಅರವತ್ತಾದರೆ ಅಭಿನಂದನಾ ಪತ್ರ, ಯಲಬುರ್ಗಾದ ಹೆಡ್‌ಮಾಸ್ತರು ನಿವೃತ್ತರಾದರೆ ಮಾನಪತ್ರ, ಪುಢಾರಿಗಳಿಗೆ ಭಾಷಣ, ಸತ್ತವರಿಗೆ ಶ್ರದ್ಧಾಂಜಲಿ. ಊರೂರಿನ ಗೋಡೆಗಳ ಮೇಲೆ ಅವನ ಮಾತು ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದ್ದವು, ಒಂದರ ಕೆಳಗೂ ಅವನ ಹೆಸರಿಲ್ಲ. ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬರಹ ತಿರಸ್ಕೃತ ಎಂದು ತಿಳಿಯಿರಿ ಎಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗಿರುತ್ತದೆ. ಉತ್ತರ ಬರಲಿಲ್ಲ. ಇದು ಹತ್ತನೆಯದು ಎಂದುಕೊಂಡು ಅವನು ಕೈಬಿಟ್ಟ.

ಸ್ಮರಣ ಸಂಚಿಕೆಯ ಕೆಲಸ ಎರಡು ದಿನದ್ದು. ಕಾಶಿನಾಥ ಅದನ್ನು ಎರಡು ತಿಂಗಳು ಎಳೆದ.

ಬುಧವಾರ ಬಂತೆಂದರೆ ಕೊಪ್ಪಳದಿಂದ ಕುಷ್ಟಗಿ, ಕುಷ್ಟಗಿಯಿಂದ ತಾವರಗೇರಾ, ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಬಂದವನು ಪತ್ರಿಕೆ ತೆರೆದಿಟ್ಟು ಅವಳನ್ನು ಓದುತ್ತಿದ್ದ. ಅವಳು ಪುಸ್ತಕಕ್ಕೆ ಚೀಟಿ ಅಂಟಿಸುವಾಗ ತುಟಿಯನ್ನು ಒಂದು ಕಡೆಗೆ ಎಳೆದುಕೊಳ್ಳುವುದು, ಜಡೆ ಅಡ್ಡ ಬಂದರೆ ಕೈ ಮುಟ್ಟಿಸದೆ ಕತ್ತು ಕೊಡವಿ ಹಿಂದೆ ಎಸೆಯುವುದು, ಅವನು ನೋಡುತ್ತಿರುವುದು ಗೊತ್ತಾದರೆ ಮೊದಲು ಕಿವಿಯ ತುದಿ ಕೆಂಪಾಗುವುದು.

"ಹಾಳಿ ತಿರುವ್ರಿ," ಎನ್ನುತ್ತಿದ್ದಳು ತಲೆ ಎತ್ತದೆ. "ಅರ್ಧಾ ತಾಸಾತು, ಒಂದ ಹಾಳಿ ಓದಾಕ ಹತ್ತೀರಿ."

"ಭಾಳ ಕಠಿಣ ಐತ್ರಿ."

"ಯಾವ್ದು?"

"ನಾ ಓದಾಕ ಹತ್ತಿದ್ದು."

ಅವಳು ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟಿ, ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಫಲಕ ತೋರಿಸುತ್ತಿದ್ದಳು. ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟು ಯಾರೂ ಇರುತ್ತಿರಲಿಲ್ಲ.

ಅವನ ಬರಹಗಳನ್ನು ಅವಳು ಓದತೊಡಗಿದಳು. ಓದಿ, ಪೆನ್ಸಿಲಿನಿಂದ ಗೀಟು ಹಾಕಿ ಕೊಡುತ್ತಿದ್ದಳು. "ಇದು ನಿಮ್ಮ ಮಾತಲ್ಲ. ಎಲ್ಲೋ ಓದಿದ್ದನ್ನ ತಂದು ಇಟ್ಟೀರಿ. ಇದು ನಿಮ್ಮದು, ಇದು ಛಲೋ ಐತಿ." ಒಮ್ಮೆಯೂ ತಪ್ಪಲಿಲ್ಲ. ಅವನ ಅಕ್ಷರದಲ್ಲಿ ಯಾವುದು ಖರೆ ಯಾವುದು ಸುಳ್ಳೆಂದು ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಅವನಿಗೆ ಹೆದರಿಕೆಯೂ ಆಯಿತು, ಸುಖವೂ ಆಯಿತು.

ಶ್ರಾವಣದ ಒಂದು ಬುಧವಾರ ಅವನು ಏನೋ ಅಂದ, ಅವಳು ನಕ್ಕಳು, ಕೈ ಬಾಯಿಯ ಕಡೆ ಹೊರಟಿತು. ಅವನು ಆ ಕೈ ಹಿಡಿದು ಕೆಳಗಿಳಿಸಿದ.

"ಮುಚ್ಚಬ್ಯಾಡ."

"ಹಲ್ಲು ಕಾಣ್ತಾವು."

"ಕಾಣ್ಲಿ. ಅವನ್ನ ನೋಡಾಕ ಅಂತನ ಎರಡು ಬಸ್ ಬದಲ್ ಮಾಡಿ ಬರ್ತೀನಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅಂದಿನಿಂದ ಅವನ ಮುಂದೆ ಅವಳು ಬಾಯಿ ಮುಚ್ಚದೆ ನಗತೊಡಗಿದಳು. ಆಮೇಲೆ ಎಲ್ಲರ ಮುಂದೆಯೂ.

ಶಂಕ್ರಮ್ಮ ಎರಡು ತಿಂಗಳು ಮಾತು ಬಿಟ್ಟು, ಮೂರನೆಯ ತಿಂಗಳು ಸೋತಳು. ದೀಪಾವಳಿ ಮುಗಿದ ಮೇಲೆ ನಿಶ್ಚಯವಾಯಿತು, ಮಾಘಕ್ಕೆ ಮದುವೆ. ಎರಡೂ ಮನೆಯವರು ಕೂಡಿ ಹೇಮಗುಡ್ಡದ ದುರ್ಗವ್ವನ ಗುಡಿಗೆ ಹೋಗಿಬಂದರು. ದೊಡ್ಡವರು ಒಳಗೆ ಪೂಜೆಯಲ್ಲಿದ್ದಾಗ ಇವರಿಬ್ಬರೂ ಹೊರಗೆ ಬಂಡೆಯ ನೆರಳಿನಲ್ಲಿ ಕೂತರು.

"ಒಂದು ಕೇಳಲೇನ್ರಿ?" ಎಂದಳು ನೇತ್ರಾವತಿ. "ಅವತ್ತು, ಮೊದಲ್ನೇ ಸಲ, ನಿಮಗ ನಾ ಹ್ಯಾಂಗ ಕಂಡೆ?"

ಅಂಚೆಗೆ ಹಾಕಿದ ಹನ್ನೊಂದನೆಯ ಕನ್ಯೆ ಅವನಿಗೆ ನೆನಪಾದಳು.

"ಭಾಳ ಛಲೋ ಕಂಡಿ. ಅವ್ವಗ ಹೆದರಿ ಸುಮ್ನಾದೆ."

ಅವಳು ಅವನ ಮುಖವನ್ನೇ ನೋಡಿದಳು. ಗೀಟು ಹಾಕುವ ಪೆನ್ಸಿಲು ಕೈಯಲ್ಲಿರಲಿಲ್ಲ ಅಷ್ಟೇ. "ಹೋಗ್ಲಿ ಬಿಡ್ರಿ," ಎಂದಳು.

ಊರಿಗೆ ಬಂದು ಅವನು ಪತ್ರಿಕೆಗೆ ಒಂದು ಕಾರ್ಡು ಬರೆದ: ತಮಗೆ ಕಳಿಸಿದ ಆ ಬರಹವನ್ನು ದಯವಿಟ್ಟು ಪ್ರಕಟಿಸಬಾರದು. ವಿಳಾಸವನ್ನೂ ಬರೆದ. ಅಂಚೆ ಪೆಟ್ಟಿಗೆಯವರೆಗೂ ಹೋದ. ಒಮ್ಮೆ ಬೇಡ ಎಂದರೆ ಆ ಬಾಗಿಲು ಇನ್ನೆಂದೂ ತೆರೆಯುವುದಿಲ್ಲ ಎನಿಸಿತು. ಹೇಗೂ ತಿರಸ್ಕೃತವಾಗಿರುತ್ತದೆ ಎಂದುಕೊಂಡ. ಅದರ ಹಿಂದೆ ಇನ್ನೊಂದು ವಿಚಾರವಿತ್ತು, ಅದನ್ನು ಮಾತ್ರ ಅವನು ತನಗೂ ಬಿಟ್ಟುಕೊಡಲಿಲ್ಲ: ಅವನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಕಾರ್ಡು ಅಂಗಿಯ ಕಿಸೆಯಲ್ಲೇ ಉಳಿದು, ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಯಿತು.

ಮದುವೆಗೆ ಹದಿನೆಂಟು ದಿನ ಇರುವಾಗ, ಒಂದು ಸೋಮವಾರ, ಅಂಚೆಯವನು ಬೆಂಗಳೂರಿನಿಂದ ಬಂದ ಲಕೋಟೆಯೊಂದನ್ನು ಕೊಟ್ಟುಹೋದ. ಒಳಗೆ ಪತ್ರಿಕೆಯ ಗೌರವ ಪ್ರತಿ. ನಲವತ್ತೆರಡನೇ ಪುಟದಲ್ಲಿ ಅವನ ಫೋಟೋ, ಕೆಳಗೆ ಹೆಸರು, ಊರು. ಒಂದು ಕ್ಷಣ, ಒಂದೇ ಕ್ಷಣ, ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ತಲೆಬರಹ ಓದಿದ.

ಪತ್ರಿಕೆ ಗುರುವಾರವೇ ಪೇಟೆಗೆ ಬರುತ್ತದೆ, ಗ್ರಂಥಾಲಯಕ್ಕೆ ಶುಕ್ರವಾರ. ಅವಳು ಇನ್ನೂ ಕಟ್ಟು ಬಿಚ್ಚಿರಲಿಕ್ಕಿಲ್ಲ, ನೋಡಿರಲಿಕ್ಕಿಲ್ಲ ಎಂದು ಜಪಿಸುತ್ತ ಸಿಕ್ಕ ಬಸ್ಸು ಹತ್ತಿದ. ನಾಲ್ಕು ಗಂಟೆಗೆ ತಾವರಗೇರಾದಲ್ಲಿ ಇಳಿದರೆ ಎದುರಿಗೇ ಹೇಮಪ್ಪ! ಕೈಗೆ ಇನ್ನೂ ಸಿಮೆಂಟು ಅಂಟಿತ್ತು, ಬಗಲಲ್ಲಿ ಅದೇ ಪತ್ರಿಕೆ ಇತ್ತು.

"ಬರ್ರಿ ಅಳಿಯಾರ! ನೂರು ವರ್ಷ ಆಯುಷ್ಯ ನಿಮಗ. ಕುಷ್ಟಗಿಯೊಳಗ ಪುಸ್ತಕದ ಅಂಗಡಿ ಮುಂದ ಒಬ್ಬಾವ ತಿರುವಿ ನೋಡಾಕ ಹತ್ತಿದ್ದ, ನೋಡ್ತೀನಿ, ನಮ್ಮ ಅಳಿಯಾರ ಫೋಟೋ! ಅಲ್ಲೇ ಕೊಂಡುಬಿಟ್ಟೆ. ನೇತ್ರಾಗ ಓದಂದ್ರ ಒಲ್ಲೆ ಅಂತಾಳ. ಬರದವರ ಬಾಯಾಗ ಕೇಳು ಅಂದ್ಲು. ಖರೇನ ಐತಿ ಬಿಡ್ರಿ ಅದು."

ಅಂದರೆ ಅವಳು ಓದಿದ್ದಾಳೆ. ಕಾಶಿನಾಥ ಹೇಮಪ್ಪನ ಹಿಂದೆ ನಡೆದ.

ಮನೆಯಲ್ಲಿ ಹೇಮಪ್ಪ ಚಾಪೆ ಹಾಸಿದ. ಹೆಂಡತಿ ಕರಿಯವ್ವನನ್ನು ಒಲೆ ಬಿಡಿಸಿ ಕರೆದ, ಪಕ್ಕದ ಮನೆಯ ಫಾತಿಮಾಬೀಯನ್ನು ಕೂಗಿದ. ನೇತ್ರಾವತಿ ಅಡುಗೆಮನೆಯ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅವನನ್ನು ಕಾಯುವವಳ ಹಾಗೆ ನೋಡುತ್ತಿದ್ದಳು.

"ಓದ್ರಿ ಅಳಿಯಾರ," ಎಂದ ಹೇಮಪ್ಪ. "ಸಾವಕಾಶ ಓದ್ರಿ. ನಮಗ ತಿಳೀಬೇಕು."

ಕಾಶಿನಾಥ ಪುಟ ತೆರೆದ. ಅಚ್ಚಾದ ಮೊದಲ ಸಾಲು ಕಣ್ಣಿಗೆ ಹೊಡೆಯಿತು: 'ಕನ್ಯೆ ಹೊರಬರುವ ಮೊದಲೇ ಅವಳ ಹಲ್ಲುಗಳು ಬಂದು ನಮಗೆ ನಮಸ್ಕಾರ ಹೇಳಿದವು.' ಅವನು ತಲೆ ಎತ್ತಿ ಹೇಮಪ್ಪನನ್ನು ನೋಡಿದ. ಇದ್ದದ್ದನ್ನು ಹೇಳಲು ಬಾಯಿ ತೆರೆದ. ಹೊರಟದ್ದು ಪುಟದಲ್ಲಿಲ್ಲದ ಬೇರೆ ಮಾತು.

"ನಾನು ನೋಡಿದ ಹನ್ನೊಂದನೆಯ ಕನ್ಯೆ," ಎಂದು ಓದಿದ. "ಆ ಊರಿನಲ್ಲಿ ಒಬ್ಬ ಗೌಂಡಿ ಇದ್ದಾನೆ. ಊರಿನ ಅರ್ಧ ಮನೆಗಳು ಅವನ ಕೈಯಲ್ಲಿ ಎದ್ದವು. ಅವನು ಕಟ್ಟಿದ ಗೋಡೆಗೆ ಒರಗಿ ನಿಂತವರಿಗೆ ಹೆದರಿಕೆ ಇಲ್ಲ. ಅವನಿಗೊಬ್ಬಳು ಮಗಳು. ಅವಳು ನಕ್ಕರೆ ನಾನು ಬರೆದ ಮಾತೆಲ್ಲ ಹಳೆಯದೆನಿಸುತ್ತದೆ. ನನ್ನ ಸುಳ್ಳನ್ನು ಅವಳು ಪೆನ್ಸಿಲಿನಿಂದ ಗೀಟು ಹಾಕಿ ತೋರಿಸುತ್ತಾಳೆ. ಅವಳ ಎದುರಿಗೆ ಕೂತಾಗ ಮಾತ್ರ ನಾನು ಯಾರಿಗೂ ಬಾಡಿಗೆಗೆ ಹೋಗಿರುವುದಿಲ್ಲ. ಅವಳಿಲ್ಲದ ಬುಧವಾರ ನನಗೆ ಬೇಡ..."

ಬರೆದುಕೊಳ್ಳದೆ, ಯೋಚಿಸದೆ, ಮಾತು ಬರುತ್ತಲೇ ಹೋದವು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಆರು ತಿಂಗಳಿಂದ ಅವಳಿಗೆ ಹೇಳಬೇಕೆಂದು ಹೇಳದೆ ಉಳಿದದ್ದೆಲ್ಲ ಅದರಲ್ಲಿತ್ತು. ಆದರೂ ಕಣ್ಣನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಿದ್ದ, ನಡುವೆ ಪುಟ ತಿರುವಿದ, ಇನ್ನೊಂದು ಪುಟದ ಕೊನೆಗೆ ಸರಿಯಾಗಿ ನಿಲ್ಲಿಸಿದ. ಕರಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೇಮಪ್ಪ ಅವನ ಎರಡೂ ಕೈ ಹಿಡಿದು, "ನನ್ನ ಮ್ಯಾಲೂ ಬರದೀರಲ್ರಿ!" ಎಂದ. ಪತ್ರಿಕೆಯನ್ನು ಬಗಲಿಗೆ ಸೇರಿಸಿ, ಮಗಳನ್ನು ಕೂಗುತ್ತ ಹಿತ್ತಲ ಕಡೆಯಿಂದ ಹೊರಗೆ ಹೋದ.

ಚೌಕಟ್ಟಿನ ಬಳಿ ನೇತ್ರಾವತಿ ಇರಲಿಲ್ಲ.

ಹಿತ್ತಲಲ್ಲಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಅವನು ಎದುರಿಗೆ ನಿಂತ.

"ಶುಕ್ರವಾರ ಬಂತು," ಎಂದಳು. "ಓದಿದೆ. ಗ್ರಂಥಾಲಯಕ್ಕ ಬಂದ ಪ್ರತೀನ ಮೂರು ದಿನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟೀನಿ. ನೀವು ಬಂದು ಹೇಳ್ತೀರಿ ಅಂತ."

"ನೇತ್ರಾ, ಅದು ನಿನ್ನ ಗುರುತ ಇಲ್ದಾಗ ಬರದಿದ್ದು. ಹನ್ನೊಂದು ತಿಂಗಳ ಹಿಂದ."

"ಗೊತ್ತೈತ್ರಿ. ಅದಕ್ಕ ಸಿಟ್ಟಿಲ್ಲ. ಹಲ್ಲು ಮುಂದ ಇದ್ದದ್ದು ಖರೆ, ಪೇಪರ್ ಉಲ್ಟಾ ಹಿಡಿದಿದ್ದೂ ಖರೆ. ಒಂದ ಕೇಳ್ತೀನಿ. ಕಳಿಸಿದ್ದು ನಿಮಗ ನೆನಪಿತ್ತೇನು?"

"ಇಲ್ಲ. ಮರ್ತಬಿಟ್ಟಿದ್ದೆ."

ಅವಳು ತಲೆ ಅಲ್ಲಾಡಿಸಿದಳು.

"ಈಗ ಒಳಗ ಓದಿದ್ರಲ್ಲ, ಇದನ್ನೂ ಅಷ್ಟ ಸಲೀಸ ಹೇಳಿದ್ರಿ."

"ನೇತ್ರಾ! ಒಳಗ ಹೇಳಿದ್ದು ಎಲ್ಲಾ ಖರೆ. ನಿನ್ನ ಆಣಿ. ಒಂದೊಂದು ಮಾತು ಖರೆ."

"ಇರಬಹುದು." ಅವಳ ದನಿ ಒಡೆಯಿತು. "ಹಾಳಿ ತಿರುವಾಕೂ ಮರೀಲಿಲ್ಲ ನೀವು. ಅದನ್ನ ನೋಡಿದ ಮ್ಯಾಲ ನನಗ ಗೀಟು ಎಲ್ಲಿ ಹಾಕಬೇಕಂತ ತಿಳೀವಲ್ದು. ಗ್ರಂಥಾಲಯದಾಗ ಅಂದಿದ್ದು, ಗುಡ್ಡದಾಗ ಅಂದಿದ್ದು, ಕೈ ಹಿಡದು ಅಂದಿದ್ದು, ಯಾವ್ದು ನಿಮ್ಮದು, ಯಾವ್ದು ಮಾನಪತ್ರ? ದಿನಾ ಇದನ್ನ ಕೇಳಕೋತ ನಿಮ್ಮ ಮನ್ಯಾಗ ನಾ ಹ್ಯಾಂಗ ಇರಲಿ?"

ಅವನು ಅವಳ ಕೈ ಹಿಡಿಯಲು ಹೋದ. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಳು.

"ಅಪ್ಪನ ಮುಂದ ನೀವು, ಮಾವಾರ, ಹಿಂಗ ಬರದೀನಿ, ತಪ್ಪಾತು, ಅಂದಿದ್ರ ಅಪ್ಪ ನಗುತಿದ್ದ. ಅವನ ಸ್ವಭಾವ ಗೊತ್ತೈತಿ ನನಗ. ನಾನೂ ನಿಮ್ಮನ್ನ ಮದಿವಿ ಆಗ್ತಿದ್ದೆ. ಮೂರು ದಿನ ಅದನ್ನ ವಿಚಾರ ಮಾಡಿ ಗಟ್ಟಿ ಮಾಡಿಟ್ಟಿದ್ದೆ. ಇನ್ನ ಆಗಾಂಗಿಲ್ರಿ."

ಅವಳನ್ನು ಅವನು ಆಗ ಪ್ರೀತಿಸಿದಷ್ಟು ಎಂದೂ ಪ್ರೀತಿಸಿರಲಿಲ್ಲ. ಅದನ್ನು ಹೇಳಲು ಬೇಕಾದ ಮಾತೆಲ್ಲ ಒಳಗೆ ಚಾಪೆಯ ಮೇಲೆ ಖರ್ಚಾಗಿಹೋಗಿದ್ದವು.

"ಅಪ್ಪ ಪುಸ್ತಕ ತಗೊಂಡು ಹನುಮಣ್ಣನ ಹೋಟೆಲಿಗೆ ಹೋಗ್ಯಾನ," ಎಂದಳು ಅವಳು ಏಳುತ್ತ. "ಓಬಳೆಪ್ಪ ಮಾಸ್ತರು ಈ ಹೊತ್ತಿಗೆ ಅಲ್ಲೇ ಚಾ ಕುಡೀತಾರ. ಅವರಿಂದ ಇನ್ನೊಮ್ಮಿ ಓದಿಸಿ ಮಂದಿಗೆ ಕೇಳಸ್ತೀನಿ ಅಂದ."

"ಅಯ್ಯೋ! ತಡೀಬೇಕಿತ್ತಲ್ಲ ನೀ!"

"ಎಷ್ಟು ದಿನ ತಡೀಲ್ರಿ? ನೀವ ಹೋಗಿ ಹೇಳ್ರಿ. ಇಲ್ಲಾಂದ್ರ ಬಸ್ ಹತ್ರಿ. ಹೋಟೆಲಿನ ಮುಂದನ ನಿಲ್ತೈತಿ."

ಕಾಶಿನಾಥ ಓಡಿದ. ಸಂತೆಯ ಬಯಲು ದಾಟುವಾಗಲೇ ನಗು ಕೇಳಿಸಿತು. ಹತ್ತು ಹದಿನೈದು ಜನ ಒಟ್ಟಿಗೆ ನಗುತ್ತಿದ್ದರು. ತಾನು ಬರೆದದ್ದಕ್ಕೆ ಜನ ನಗುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾವ ಸಾಲಿಗೆ ಎಂದು ದೂರದಿಂದಲೇ ಗೊತ್ತಾಯಿತು. ಅಲ್ಲಿ ನಗುತ್ತಾರೆಂದು ಬರೆಯುವಾಗಲೇ ಅಂದುಕೊಂಡಿದ್ದ, ಸರಿಯಾಗಿಯೇ ಬಿದ್ದಿದೆ ಎಂದು ಓಡುತ್ತಿದ್ದರೂ ಮನಸ್ಸು ಹೇಳಿತು. ಅಂಥ ಮನಸ್ಸನ್ನು ಇಟ್ಟುಕೊಂಡೇ ಅವನು ಹೋಟೆಲಿನ ಮುಂದೆ ಹೋಗಿ ನಿಂತ.

ಅವನನ್ನು ಕಂಡದ್ದೇ ಜನ ಸುಮ್ಮನಾದರು. ಓಬಳೆಪ್ಪ ಮಾಸ್ತರು ಪತ್ರಿಕೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಬೇರೆ ಕಡೆ ನೋಡಿದರು. ನಡುವೆ ನಿಂತ ಹೇಮಪ್ಪನ ಮುಖದಲ್ಲಿ ಗಲಿಬಿಲಿ ಇತ್ತು. ಅಳಿಯನನ್ನು ಕಂಡು ಅದು ಒಮ್ಮೆಲೇ ತಿಳಿಯಾಯಿತು.

"ಬಂದ್ರ ನೋಡ್ರಿ! ಅಳಿಯಾರ, ಈ ಮಾಸ್ತರು ಏನೇನೋ ಓದಾಕ ಹತ್ಯಾರ. ಹಲ್ಲಂತ, ಉಲ್ಟಾ ಪೇಪರಂತ. ಯಾವ್ದೋ ಬ್ಯಾರೇ ಹಾಳಿ ಹಿಡದಾರ. ಚಷ್ಮಾ ಬದಲ್ ಮಾಡ್ರಿ ಅಂದೆ ನಾನು. ತಗೋರಿ, ನೀವ ಓದ್ರಿ. ನಮ್ಮ ಮನ್ಯಾಗ ಓದಿದ್ದನ್ನ ಓದ್ರಿ, ಕೇಳ್ಲಿ ಇವರು."

ಪತ್ರಿಕೆಯನ್ನು ಅವನ ಕೈಗೆ ಕೊಟ್ಟ. ಕುಷ್ಟಗಿಯ ಬಸ್ಸು ಬಂದು ನಿಂತಿತು, ಇಬ್ಬರು ಇಳಿದರು. ಕಂಡಕ್ಟರ್ ಇವನನ್ನು ನೋಡಿ ಬರುತ್ತೀಯಾ ಎಂಬಂತೆ ಕೈ ಮಾಡಿದ. ಕಾಶಿನಾಥ ನಲವತ್ತೆರಡನೇ ಪುಟ ತೆರೆದ. ತಲೆಬರಹದಿಂದ ಶುರುಮಾಡಿ, ಅಚ್ಚಾದದ್ದನ್ನು ಅಚ್ಚಾದ ಹಾಗೆ, ಒಂದು ಅಕ್ಷರ ಬಿಡದೆ ಓದಿದ. ಹಲ್ಲಿನ ಸಾಲು ಬಂತು. ಯಾರೂ ನಗಲಿಲ್ಲ. ಪೇಪರಿನ ಸಾಲು ಬಂತು: 'ಮಾವನಾಗಬೇಕಿದ್ದವರು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ದೇಶದ ಸ್ಥಿತಿಗೆ ಮರುಗುತ್ತಿದ್ದರು.' ಹನುಮಣ್ಣ ಒಲೆಯ ಕಡೆ ತಿರುಗಿ ನಿಂತ. ಎರಡು ಪುಟ ಮುಗಿಯುವ ಮೊದಲೇ ಬಸ್ಸು ಹೋಗಿತ್ತು.

ಹೇಮಪ್ಪ ಕೊನೆಯವರೆಗೂ ಕೇಳಿದ. ತನ್ನ ಕೈಯ ಮೇಲೆ ಒಣಗಿದ ಸಿಮೆಂಟನ್ನು ಉಗುರಿನಿಂದ ಕೆರೆದು ತೆಗೆದ. ಅವನ ಕಣ್ಣು ಕಾಶಿನಾಥನ ಮೇಲೆ ಬೀಳಲಿಲ್ಲ. ಆಮೇಲೆ ಬೆಂಚಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

"ತಪ್ಪು ತಿಳೀಬ್ಯಾಡ್ರಿ ಮಾಸ್ತರ," ಎಂದ. "ನೀವು ಬರೋಬರಿನ ಓದಾಕ ಹತ್ತಿದ್ರಿ."